ಪಿಳ್ಳಮ್ಮಜ್ಜಿ ಹೇಳಿದ ಉಳಿದರ್ಧ

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಎರಡನೇ ಪ್ಯಾರಾ ದಾಟುತ್ತಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನಾನು ಕ್ರೈಸ್ತಳು. ಹುಟ್ಟಿದಾಗಿನಿಂದ ಚರ್ಚಿಗೆ ಹೋಗುತ್ತಿರುವವಳು, ದೇವರಿದ್ದಾನೆ ಎಂದು ನಂಬಿರುವವಳು. ಆದರೆ ಪವಾಡದ ಕಥೆ ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಸಭೆಯಲ್ಲಿ ತಿಂಗಳಿಗೊಂದು ಭಾನುವಾರ ಸಾಕ್ಷಿ ಹೇಳುವ ಪದ್ಧತಿ ಇದೆ. ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ಎದ್ದು ನಿಂತು ಹೇಳುವುದು. ಒಬ್ಬರಿಗೆ ಬೆಳಕು ಕಾಣಿಸುತ್ತದೆ, ಇನ್ನೊಬ್ಬರಿಗೆ ಯಾರೋ ಹೆಸರು ಹಿಡಿದು ಕರೆದದ್ದು ಕೇಳಿಸುತ್ತದೆ, ಮತ್ತೊಬ್ಬರ ಕಿಡ್ನಿಯ ಕಲ್ಲು ಪ್ರಾರ್ಥನೆ ಮುಗಿಯುವಷ್ಟರಲ್ಲಿ ಕರಗಿಹೋಗಿರುತ್ತದೆ. ಆ ಕಲ್ಲಿನ ಆಸಾಮಿ ಹಿಂದಿನ ವಾರ ನನ್ನ ಹತ್ತಿರವೇ ಮಾತ್ರೆ ಬರೆಸಿಕೊಂಡು ಹೋಗಿದ್ದರು. ಥೂ, ದೇವರ ಮನೆಯಲ್ಲಿ ನಿಂತು ಇಷ್ಟು ಸುಳ್ಳೇ ಎಂದು ನಾನು ಹಿಂದಿನ ಬೆಂಚಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ.

ಈಗ ನೋಡಿದರೆ ನಾನೇ ಎದ್ದು ನಿಂತ ಹಾಗಾಗಿದೆ. ಬಣ್ಣ ಹಚ್ಚದೆ, ನಡೆದ ಹಾಗೆ ಹೇಳುತ್ತೇನೆ. ಇಂಥ ಕಥೆಗಳೆಲ್ಲ ಸಾಮಾನ್ಯವಾಗಿ ಅಮಾವಾಸ್ಯೆಯ ರಾತ್ರಿ ನಡೆಯುತ್ತವೆ. ಇದು ನಡೆದದ್ದು ಹಾಡಹಗಲು, ಸಂಜೆ ನಾಲ್ಕು ಗಂಟೆಗೆ, ದನದ ಕೊಟ್ಟಿಗೆಯ ಪಕ್ಕದಲ್ಲಿ.

ನಂದಗುಡಿ ಹೋಬಳಿಯ ಒಂದು ಊರಿನಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ನನ್ನ ಹೆಸರು ಕೇಳಿದರೆ ನಾನು ಯಾವ ಮತದವಳೆಂದು ಗೊತ್ತಾಗುವುದಿಲ್ಲ. ಗೊತ್ತಾಗದೇ ಇರಲಿ ಎಂದು ನಾನೂ ಬಹಳ ಪಾಡುಪಟ್ಟಿದ್ದೆ. ಶಿಲುಬೆಯ ಸರ ರವಿಕೆಯ ಒಳಗೆ. ಬೈಬಲ್ಲು ಮೇಜಿನ ಡ್ರಾದಲ್ಲಿ, ಬಿಪಿ ಯಂತ್ರದ ಹಳೇ ಡಬ್ಬದೊಳಗೆ. ಗೋಡೆಯ ಮೇಲೆ ಮೆಡಿಕಲ್ ಸ್ಟೋರಿನವರು ಕೊಟ್ಟ ಲಕ್ಷ್ಮಿಯ ಕ್ಯಾಲೆಂಡರು. ಬೋಳು ಹಣೆಯಲ್ಲಿ ಕೂತರೆ ಜನ ಒಂಥರಾ ನೋಡುತ್ತಾರೆಂದು ದಿನಾ ಬೆಳಿಗ್ಗೆ ಸ್ಟಿಕ್ಕರ್ ಬೊಟ್ಟು ಅಂಟಿಸಿಕೊಂಡು ಹೊರಡುತ್ತಿದ್ದೆ. ಬಾಣಂತಿಯರನ್ನು ನೋಡಲು ಮನೆಗೆ ಹೋದರೆ ಹೊರಡುವಾಗ ಅವರ ತಾಯಂದಿರು ಅರಿಸಿನ ಕುಂಕುಮ ಕೊಡುತ್ತಾರೆ. ಪ್ರೀತಿಯಿಂದ ಕೊಡುವುದು ಅದು. ನಾನು ಹಣೆಯೊಡ್ಡಿ ಇಡಿಸಿಕೊಂಡು, ಊರ ಗೇಟು ದಾಟಿದ ಮೇಲೆ ಕಾರು ಪಕ್ಕಕ್ಕೆ ಹಾಕಿ, ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿಕೊಳ್ಳುತ್ತಿದ್ದೆ. ಕುಂಕುಮದ ಮೇಲೆ ನನಗೇನೂ ಹೇಸಿಗೆ ಇರಲಿಲ್ಲ. ಕಾರಿನ ಕನ್ನಡಿಯಲ್ಲಿ ಕಾಣುತ್ತಿದ್ದ ನನ್ನ ಮುಖ ನೋಡಿದರೆ ಹೇಸಿಗೆಯಾಗುತ್ತಿತ್ತು. ಕೊಟ್ಟ ತಾಯಿಗೂ ಸುಳ್ಳು, ದೇವರಿಗೂ ಸುಳ್ಳು.

ಇದಕ್ಕೆ ನನ್ನ ಹತ್ತಿರ ಒಂದು ಸಮಜಾಯಿಷಿ ಸಿದ್ಧವಾಗಿತ್ತು. ಓದುವ ಕಾಲದಲ್ಲಿ ನಮ್ಮವರೇ ಆದ ಹಿರಿಯ ಡಾಕ್ಟರೊಬ್ಬರು, ಡ್ರಿಪ್ ಹಾಕಿ ಮಲಗಿಸಿದ್ದ ರೋಗಿಯ ಕೈಗೆ ಸುವಾರ್ತೆಯ ಕರಪತ್ರ ತುರುಕಿದ್ದನ್ನು ಕಣ್ಣಾರೆ ಕಂಡಿದ್ದೆ. ಪಾಪ, ಅವನು ಎದ್ದು ಹೋಗುವ ಹಾಗಿಲ್ಲ, ಬೇಡ ಎನ್ನುವ ಹಾಗಿಲ್ಲ. ಹಲ್ಲು ಕಿರಿದುಕೊಂಡು ಇಸಿದುಕೊಂಡ. ನನಗೆ ವಾಕರಿಕೆ ಬಂದಿತ್ತು. ಅವತ್ತೇ ತೀರ್ಮಾನಿಸಿದೆ, ಹಾಸಿಗೆ ಹಿಡಿದವರ ಮುಂದೆ ನಾನು ದೇವರ ಮಾತು ಎತ್ತುವುದಿಲ್ಲ ಎಂದು. ಇದು ಭಯವಲ್ಲ, ಮರ್ಯಾದೆ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಅದರಲ್ಲಿ ಒಂದಿಷ್ಟು ನಿಜವೂ ಇತ್ತು. ಮಿಕ್ಕಿದ್ದೆಲ್ಲ ಶುದ್ಧ ಪುಕ್ಕಲುತನ. ಎಲ್ಲೋ ಯಾರದೋ ಮನೆಗೆ ಪ್ರಾರ್ಥನೆಗೆಂದು ಹೋದವರನ್ನು ಜನ ಸುತ್ತುಗಟ್ಟಿದರು ಎಂದು ವಾಟ್ಸಾಪಿನಲ್ಲಿ ಬಂದರೆ ನನಗೆ ಎರಡು ದಿನ ಊಟ ಸೇರುತ್ತಿರಲಿಲ್ಲ. ‘ಡಾಕ್ಟ್ರಮ್ಮ ಮತಾಂತರ ಮಾಡ್ತಾಳಂತೆ’ ಎಂದು ಹಾಲಿನ ಡೈರಿ ಮುಂದೆ ಒಬ್ಬರು ಅಂದರೆ ಸಾಕು, ಸಂಜೆಯೊಳಗೆ ಕ್ಲಿನಿಕ್ಕಿಗೆ ಬೀಗ ಬೀಳುತ್ತದೆ ಎಂದು ನನ್ನ ಎಣಿಕೆ.

ಒಂದೇ ಒಂದು ಅಭ್ಯಾಸವನ್ನು ಮಾತ್ರ ಬಿಟ್ಟಿರಲಿಲ್ಲ. ನನ್ನ ಅಜ್ಜಿ, ಅಮ್ಮನ ತಾಯಿ, ಮಿಷನ್ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಳು. ರೋಗಿಗಳ ಹೇಲು ಉಚ್ಚೆ ಬಾಚುವುದು, ಕೀವಿನ ಬಟ್ಟೆ ಒಗೆಯುವುದು ಅವಳ ಕೆಲಸ. ಅಕ್ಷರ ಬಾರದ ಅವಳು ತನಗೆ ತಾನೇ ಕಟ್ಟಿಕೊಂಡ ಪ್ರಾರ್ಥನೆ ಒಂದಿತ್ತು. ‘ಯೇಸಪ್ಪಾ, ನನ್ ಕೈ ಹೊಲ್ಸು, ನಿನ್ ಕೈ ಇಕ್ಕು.’ ಇಷ್ಟೇ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ತೀರಿಕೊಂಡಳು, ಪ್ರಾರ್ಥನೆ ನನ್ನಲ್ಲಿ ಉಳಿದುಕೊಂಡಿತು. ರೋಗಿಯನ್ನು ಮುಟ್ಟುವ ಮುನ್ನ ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ನನ್ನ ಗಂಡನಿಗೂ ಇದು ಗೊತ್ತಿರಲಿಲ್ಲ.

ಕೋವಿಡ್ ಗಲಾಟೆ ಎಲ್ಲ ಮುಗಿದ ಮರುವರ್ಷ ನಾಗರಾಜ ಎಂಬವನು ಕ್ಲಿನಿಕ್ಕಿಗೆ ಬಂದ. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಮನೆಯಲ್ಲಿ ಹೆಂಡತಿ ರತ್ನ ರೇಷ್ಮೆ ಹುಳು ಸಾಕುತ್ತಾಳೆ.

‘ಮೇಡಂ, ನಮ್ಮಮ್ಮಂಗೆ ಎದೇಲಿ ಗಡ್ಡೆ. ದೊಡ್ಡಾಸ್ಪತ್ರೇಲಿ ಇನ್ನೇನೂ ಆಗಲ್ಲ, ಮನೇಗ್ ಕರ್ಕೊಂಡೋಗಿ ಅಂದ್ಬಿಟ್ರು. ದಿನಾ ಬಂದು ಡ್ರೆಸ್ಸಿಂಗ್ ಮಾಡ್ಕೊಡ್ತೀರಾ?’ ಅಂದ.

ಅವನ ತಾಯಿಯೇ ಪಿಳ್ಳಮ್ಮಜ್ಜಿ. ನಾನು ಹೋದಾಗ ಅವಳು ಮನೆಯೊಳಗೆ ಇರಲಿಲ್ಲ. ನಡುಮನೆ, ಕೋಣೆ, ಪಡಸಾಲೆ ಎಲ್ಲ ಹುಳುವಿನ ತಟ್ಟೆಗಳು. ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಜ್ವರ ಅಂದರೆ ಅವು ಮೇವು ಬಿಟ್ಟು ಕೂತು ಪೊರೆ ಕಳಚುವ ಹೊತ್ತು. ನಾಲ್ಕನೆಯದು ಕಳೆದರೆ ವಾರದಲ್ಲಿ ಹಣ್ಣಾಗಿ ಗೂಡು ಕಟ್ಟುತ್ತವೆ. ಆ ವಾರ ಮನೆಗೆ ಯಾವ ಘಾಟೂ ಸೋಕಬಾರದು. ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಬೀಡಿಯಂತೂ ಇಲ್ಲವೇ ಇಲ್ಲ. ಅದಕ್ಕೇ ಅಜ್ಜಿಯನ್ನು ಕೊಟ್ಟಿಗೆಯ ಪಕ್ಕ ಹುಲ್ಲು ತುಂಬುವ ಕೋಣೆಗೆ ಹಾಕಿದ್ದರು. ರತ್ನ ನನ್ನನ್ನು ಹಿತ್ತಲಿನಿಂದಲೇ ಕರೆದುಕೊಂಡು ಹೋದಳು. ‘ಮೇಡಂ, ಬೇಜಾರ್ ಮಾಡ್ಕೋಬೇಡಿ. ಸ್ಪಿರಿಟ್ಟು ಗಿಪಿರಿಟ್ಟು ತರ್ಬೇಡಿ. ಹುಳ ತಡ್ಕಳಲ್ಲ,’ ಅಂದಳು.

ಬಟ್ಟೆ ಸರಿಸಿದೆ. ಎಡ ಎದೆ ಎಂಬುದೇ ಇರಲಿಲ್ಲ. ಹೂಕೋಸಿನ ಹಾಗೆ ಒಡೆದುಕೊಂಡ ಮಾಂಸ, ಸಂದಿಗಳಲ್ಲಿ ಕೀವು, ಕೀವಿನಲ್ಲಿ ಮಿಸುಗಾಡುವ ಹುಳ. ಕೊಟ್ಟಿಗೆಯ ನೊಣ ಮೊಟ್ಟೆಯಿಟ್ಟಿತ್ತು. ಇಂಥದ್ದಕ್ಕೆ ನಾವು ಟರ್ಪೆಂಟೈನ್ ಎಣ್ಣೆ ಹಾಕುತ್ತೇವೆ, ಅದರ ಘಾಟಿಗೆ ಹುಳ ತಾವಾಗಿ ಮೇಲೆ ಬರುತ್ತವೆ. ನಾಗರಾಜನಿಗೆ ಅದರ ಹೆಸರು ಹೇಳಿ ನೋಡಿದೆ, ಆದರೆ ಹುಳು ಗೂಡಿಗೆ ಹತ್ತುವ ತನಕ ಅದನ್ನು ಈ ಮನೆಗೆ ತರುವಂತಿಲ್ಲ. ಉಪ್ಪುನೀರಿನಲ್ಲಿ ತೊಳೆದು ಚಿಮಟದಿಂದ ಒಂದೊಂದಾಗಿ ಹೆಕ್ಕಿದೆ. ವಾಸನೆ ತಗ್ಗಲೆಂದು ಮಾತ್ರೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಿದೆ. ಡಾಕ್ಟರಾಗಿ ಇಷ್ಟು ವರ್ಷವಾದರೂ ನನ್ನ ಹೇಸಿಗೆ ಹೋಗಿಲ್ಲ, ಮೂಗೋ ನಾಯಿಯ ಮೂಗು. ಎರಡು ಮಾಸ್ಕ್ ಹಾಕಿ, ಒಳಗಿನದಕ್ಕೆ ರತ್ನಳಿಗೆ ತಿಳಿಯದ ಹಾಗೆ ನೀಲಗಿರಿ ಎಣ್ಣೆಯ ಒಂದು ಹನಿ ಬಿಟ್ಟುಕೊಂಡಿದ್ದೆ. ಆದರೂ ಕೆಲಸ ಮುಗಿಸಿ ಆಚೆ ಬಂದು ಬೇಲಿಯ ಹತ್ತಿರ ವಾಂತಿ ಮಾಡಿಕೊಂಡೆ.

ಒಳಗಿನ ಹುಳುಗಳಿಗೆ ಇರುವ ಮರ್ಯಾದೆ ಈ ಮುದುಕಿಗೆ ಇಲ್ಲವಲ್ಲ ಎಂದು ಆ ಮನೆಯವರ ಮೇಲೆ ಅಸಹ್ಯ ಬಂತು. ಆಮೇಲೆ ನೋಡಿದರೆ ಹೊತ್ತು ಹೊತ್ತಿಗೆ ಗಂಜಿ ಕುಡಿಸುತ್ತಿದ್ದವಳು ರತ್ನಳೇ, ಕೀವಿನ ಬಟ್ಟೆ ಕುದಿಸಿ ಒಗೆಯುತ್ತಿದ್ದವಳೂ ಅವಳೇ. ಸೊಪ್ಪು ಕೊಯ್ಯುವುದು, ಹುಳುವಿಗೆ ಹಾಕುವುದು, ಹಾಲು ಕರೆಯುವುದು, ಇವೆಲ್ಲದರ ನಡುವೆ. ನಾನು ಬಾಯಿ ಮುಚ್ಚಿಕೊಂಡೆ.

ಮೂರನೇ ದಿನವೋ ನಾಲ್ಕನೇ ದಿನವೋ, ಕೈಗೆ ಗ್ಲೌಸ್ ಹಾಕಿಕೊಂಡು ಇನ್ನೇನು ಮುಟ್ಟಬೇಕು, ಪಿಳ್ಳಮ್ಮಜ್ಜಿ ಕಣ್ಣು ಬಿಟ್ಟು ಕೇಳಿದಳು.

‘ಏನ್ ಮಂತ್ರ ಹಾಕ್ತೀಯಮ್ಮ ನೀನು, ಮುಟ್ಟೋಕ್ ಮುಂಚೆ?’

‘ಮಂತ್ರ ಎಲ್ಲಿ ಬಂತು ಅಜ್ಜಿ? ಹತ್ತಿ ಎಷ್ಟು ಬೇಕು ಅಂತ ಲೆಕ್ಕ ಹಾಕ್ತೀನಿ, ಅಷ್ಟೇ,’ ಅಂದೆ.

ಅವಳು ನಕ್ಕಳು. ‘ಸರಿ ಬಿಡು. ಮಂತ್ರ ಗುಟ್ಟಾಗಿದ್ರೇನೇ ಕೆಲ್ಸ ಮಾಡೋದು.’

ನಮ್ಮ ಕಡೆ ಕಾಮಾಲೆಗೆ, ಚೇಳು ಕಡಿತಕ್ಕೆ ಮಂತ್ರ ಹಾಕುವವರು ಇನ್ನೂ ಇದ್ದಾರೆ. ಅವರು ಆ ಮಾತನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ, ಹೇಳಿಬಿಟ್ಟರೆ ಅದರ ಶಕ್ತಿ ಹೋಗುತ್ತದೆಂದು ಜನರ ನಂಬಿಕೆ. ಅಜ್ಜಿ ನನ್ನನ್ನೂ ಆ ಪಟ್ಟಿಗೆ ಸೇರಿಸಿಕೊಂಡಿದ್ದಳು. ಬದುಕಿದೆ ಅಂದುಕೊಂಡೆ.

ಎರಡು ದಿನ ಕಳೆದು ಮತ್ತೆ ಹಿಡಿದಳು. ಈ ಸಲ ನಗು ಇರಲಿಲ್ಲ.

‘ತಾಯಿ, ಸಾಯೋಳ್ಗೆ ಹೇಳಿದ್ರೆ ಮಂತ್ರ ಕೆಡಲ್ಲ ಕಣಮ್ಮ. ನೀನ್ ಯಾರ್ನೋ ಕರೀತೀಯ. ಕರೆದಾಗ ನಂಗೆ ಉರಿ ಇಳೀತದೆ. ನೀನ್ ಹೊಂಟೋದ್ಮೇಲೆ ರಾತ್ರೆಲ್ಲ ಒಬ್ಳೇ ಬಿದ್ದಿರ್ತೀನಿ. ಹೆಸ್ರು ಹೇಳು, ನಾನೂ ಕರ್ಕಂತೀನಿ.’

ಇದಕ್ಕಿಂತ ಬಿಚ್ಚಿ ಯಾರು ಕೇಳುತ್ತಾರೆ? ಸಾಯುತ್ತಿರುವವಳು, ತಾನಾಗಿ, ಕೈಹಿಡಿದು ಕೇಳುತ್ತಿದ್ದಾಳೆ. ಅಷ್ಟರಲ್ಲಿ ಶಿಫ್ಟ್ ಮುಗಿಸಿಕೊಂಡು ಬಂದ ನಾಗರಾಜ ಬಾಗಿಲ ಹತ್ತಿರ ಬೂಟು ಬಿಚ್ಚುತ್ತಿದ್ದದ್ದು ಕಾಣಿಸಿತು. ‘ಸುಮ್ನೆ ಮಲಗಜ್ಜಿ. ಜ್ವರದಲ್ಲಿ ಏನೇನೋ ಮಾತಾಡ್ತಿದ್ದೀಯ,’ ಅಂದುಬಿಟ್ಟೆ. ಅವನಿಗೆ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಅಂದೆ. ಅವಳಿಗೆ ಜ್ವರ ಇರಲಿಲ್ಲ. ಥರ್ಮಾಮೀಟರ್ ಇಟ್ಟು ನೋಡಿದವಳು ನಾನೇ.

ಅಜ್ಜಿ ಕೈ ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದಳು.

ಹುಳ ಹೆಕ್ಕುವಾಗ ಬಂದದ್ದು ಹೇಸಿಗೆಯೇ ಅಲ್ಲ. ಅವತ್ತು ಕಾರಿನಲ್ಲಿ ಕೂತಾಗ ಬಂದದ್ದು ಹೇಸಿಗೆ. ಮೈಯನ್ನು ಪರಚಿಕೊಳ್ಳಬೇಕು ಎನ್ನಿಸಿತು. ಮನೆಗೆ ಹೋಗಿ ಎರಡು ಸಲ ತಲೆಗೆ ನೀರು ಹಾಕಿಕೊಂಡೆ. ಗಂಡ ‘ಏನಾಯ್ತೇ?’ ಅಂದರೆ ‘ವಾಸನೆ’ ಅಂದೆ. ಮರುದಿನ ಹೋಗಲಿಲ್ಲ. ಅದರ ಮರುದಿನ ಭಾನುವಾರ, ಆವತ್ತೂ ಹೋಗಲಿಲ್ಲ. ಚರ್ಚಿನಲ್ಲಿ ಯಾರೋ ಸಾಕ್ಷಿ ಹೇಳಿದರು. ಅವತ್ತು ನನಗೆ ಹಲ್ಲು ಕಡಿಯುವ ಮುಖವೂ ಇರಲಿಲ್ಲ. ಗಾಯ ತೊಳೆಯದೆ ಎರಡು ದಿನ ಬಿಟ್ಟರೆ ಆ ಕೋಣೆಯಲ್ಲಿ ಏನಾಗಿರುತ್ತದೆಂದು ಡಾಕ್ಟರಾದ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೋಗಲಿಲ್ಲ.

ಸೋಮವಾರ ರತ್ನಳೇ ಕ್ಲಿನಿಕ್ಕಿಗೆ ಬಂದಳು. ‘ಯಾಕ್ ಮೇಡಂ ಬರ್ಲಿಲ್ಲ? ನಮ್ಮತ್ತೆ ನೀರೂ ಕುಡೀತಿಲ್ಲ. ಡಾಕ್ಟ್ರಮ್ಮಂಗೆ ಏನೋ ಹೇಳ್ಬೇಕು ಅಂತವ್ರೆ.’

ನಾಲ್ಕು ಗಂಟೆಗೆ ಹೋದೆ. ಹುಳು ಹಣ್ಣಾಗಿದ್ದವು. ಮನೆಮಂದಿಯೆಲ್ಲ ಕಡೆಯ ತಟ್ಟೆಗಳಲ್ಲಿ ಉಳಿದವನ್ನು ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಗೆ ಬಿಡುವ ಗಡಿಬಿಡಿಯಲ್ಲಿದ್ದರು. ಕೊಟ್ಟಿಗೆಯ ಕಡೆ ಯಾರೂ ಇರಲಿಲ್ಲ. ಕೋಣೆಯ ಬಾಗಿಲಿಗೆ ಬರುವ ಮೊದಲೇ ವಾಸನೆ ಮುಖಕ್ಕೆ ಹೊಡೆಯಿತು. ಅಜ್ಜಿಯ ಕಣ್ಣು ಗುಳಿಬಿದ್ದಿದ್ದವು. ಮಾಸ್ಕ್ ಹಾಕಿಕೊಂಡೆ, ಗ್ಲೌಸ್ ಏರಿಸಿದೆ. ಅವತ್ತು ನಾನು ಪ್ರಾರ್ಥನೆ ಹೇಳಿಕೊಳ್ಳಲಿಲ್ಲ. ಯಾವ ಮುಖ ಹೊತ್ತುಕೊಂಡು ಹೇಳಲಿ? ಸುಮ್ಮನೆ ಕೈ ಚಾಚಿದೆ.

‘ಇವತ್ತು ಅನ್ನಲಿಲ್ವಲ್ಲ ನೀನು,’ ಅಂದಳು ಪಿಳ್ಳಮ್ಮಜ್ಜಿ. ‘ಹೋಗ್ಲಿ ಬಿಡು, ನಾನೇ ಅಂತೀನಿ.’

ಕಣ್ಣು ಮುಚ್ಚಿಕೊಂಡು, ಮಗುವಿಗೆ ಹೇಳಿಕೊಡುವ ಹಾಗೆ ನಿಧಾನವಾಗಿ ಹೇಳಿದಳು.

‘ನನ್ ಕೈ ಹೊಲ್ಸು, ನಿನ್ ಕೈ ಇಕ್ಕು. ನನ್ ಮೂಗ್ ಮುಚ್ಚು, ನನ್ ಬಾಯ್ ಬಿಡ್ಸು.’

ನನ್ನ ಕೈ ಹಾಗೇ ನಿಂತುಹೋಯಿತು. ಮೊದಲಿನ ಮಾತು ನನ್ನದೇ, ಅಕ್ಷರ ಅಕ್ಷರವೂ ನನ್ನದೇ, ನನ್ನ ಅಜ್ಜಿಯದು. ಎರಡನೆಯದನ್ನು ನಾನು ಎಂದೂ ಹೇಳಿಕೊಂಡವಳಲ್ಲ.

ಅಜ್ಜಿ ಕಣ್ಣು ಬಿಟ್ಟಳು. ‘ಎಲ್ಲಾ ಬತ್ತದೆ. ಮೊದಲ್ನೇದೊಂದು ಸಿಕ್ತಿಲ್ಲ. ಯಾರಿಗ್ ಹೇಳೋದು ಇದ್ನ? ಹೆಸ್ರೊಂದ್ ಗೊತ್ತಿಲ್ಲ ನಂಗೆ. ಎರಡ್ ರಾತ್ರಿಯಿಂದ ಹುಡುಕ್ತಾ ಇದ್ದೀನಿ.’

ಹಿಂದೆ ಸದ್ದಾಯಿತು. ತಿರುಗಿದರೆ ನಾಗರಾಜ, ಕೈಯಲ್ಲಿ ನೀರಿನ ಚೊಂಬು ಹಿಡಿದು ಹೊಸಿಲಿನ ಮೇಲೆ ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ. ಇದರಲ್ಲಿ ಸುಳ್ಳಿಲ್ಲ, ಆ ಹೊತ್ತಿನಲ್ಲೂ ನನಗೆ ಮೊದಲು ನೆನಪಾದದ್ದು ಹಾಲಿನ ಡೈರಿಯ ಮುಂದೆ ನಿಲ್ಲುವ ಜನ. ಆಮೇಲೆ ಅಜ್ಜಿಯ ಮುಖ ನೋಡಿದೆ. ಮಾಸ್ಕ್ ಎರಡನ್ನೂ ಕಿತ್ತು ತೆಗೆದೆ.

‘ಯೇಸಪ್ಪ ಅಜ್ಜಿ. ಯೇಸಪ್ಪ ಅಂತ ಕರೀಬೇಕು. ನಾನು ಕ್ರಿಶ್ಚಿಯನ್ನು. ಇಷ್ಟ್ ದಿನ ಹೇಳೋಕೆ ಹೆದರ್ಕೊಂಡಿದ್ದೆ. ಅವತ್ತು ನಿಂಗೆ ಜ್ವರ ಇರ್ಲಿಲ್ಲ, ನಾನೇ ಸುಳ್ಳು ಹೇಳ್ದೆ.’

‘ಯೇಸಪ್ಪ,’ ಎಂದಳು ಅಜ್ಜಿ, ಬಾಯಲ್ಲಿಟ್ಟುಕೊಂಡು ರುಚಿ ನೋಡುವವಳ ಹಾಗೆ. ‘ಅಷ್ಟೇನಾ? ಅಯ್ಯೋ ಹುಚ್ಚಿ, ಇದಕ್ಕೇನ್ ಹೆದ್ರಿಕೆ? ನಮ್ ಮುನೇಶ್ವರಂಗೇನೂ ಬೇಜಾರಾಗಲ್ಲ ಬಿಡು, ಅವ್ನ್ ನಂಗೊತ್ತು.’

ನಾಗರಾಜ ಚೊಂಬು ಕೆಳಗಿಟ್ಟ. ಅವನ ಮುಖದಲ್ಲಿ ಕೋಪವಿತ್ತೋ ಏನಿತ್ತೋ ನನಗೆ ಓದಲಾಗಲಿಲ್ಲ. ಕಡೆಗೆ, ‘ಮೇಡಂ, ಅದೇನೋ ಎಣ್ಣೆ ಅಂದಿದ್ರಲ್ಲ, ಟರ್ಪೆಂಟೈನು. ತರ್ಲಾ? ಹುಳ ಎಲ್ಲಾ ಚಂದ್ರಿಕೆ ಹತ್ತಾಯ್ತು,’ ಅಂದ. ನಾನು ತಲೆಯಾಡಿಸಿದೆ. ಬೈಕ್ ಹತ್ತಿ ಹೋಗಿ ತಂದುಕೊಟ್ಟ.

ಮಾಸ್ಕ್ ಇಲ್ಲದೆ ಮುಕ್ಕಾಲು ಗಂಟೆ ಆ ಗಾಯದ ಮೇಲೆ ಬಗ್ಗಿದ್ದೆ. ಹೊಟ್ಟೆ ತೊಳಸಲಿಲ್ಲ. ಮೂಗಿಗೆ ಏನೂ ಬಡಿಯಲಿಲ್ಲ, ಟರ್ಪೆಂಟೈನಿನ ಘಾಟು ಕೂಡ. ಇದು ಹೊಳೆದದ್ದು ಕಾರಿಗೆ ಬಂದು ಕೂತ ಮೇಲೆ. ಕೆಟ್ಟ ವಾಸನೆಗೆ ಮೂಗು ಬೇಗ ಹೊಂದಿಕೊಳ್ಳುತ್ತದೆಂದು ನಾನೂ ಓದಿದ್ದೇನೆ, ಅದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೆ ಮುಂಚೆ ನನ್ನ ಮೂಗು ಎಂದೂ ಹೊಂದಿಕೊಂಡಿರಲಿಲ್ಲ ಎಂಬುದನ್ನಷ್ಟೇ ಹೇಳುತ್ತೇನೆ.

ಪಿಳ್ಳಮ್ಮಜ್ಜಿ ಆ ವಾರವೇ ಹೋದಳು. ಅವರ ಕ್ರಮದಲ್ಲೇ ಮಣ್ಣು ಮಾಡಿದರು, ಅದೇ ಸರಿ. ತಿಥಿ ಎಲ್ಲ ಮುಗಿದ ಮೇಲೆ ಒಂದು ದಿನ ರತ್ನ ಸೊಂಟನೋವೆಂದು ಕ್ಲಿನಿಕ್ಕಿಗೆ ಬಂದಳು. ಬೆಂಚಿನ ತುಂಬ ಜನ. ಅಷ್ಟೂ ಜನರ ಮುಂದೆ, ಮಾತ್ರೆಯ ಹೆಸರು ಕೇಳುವಷ್ಟು ಸಲೀಸಾಗಿ ಕೇಳಿದಳು.

‘ಮೇಡಂ, ನಮ್ಮತ್ತೆ ರಾತ್ರಿ ಹೊತ್ತು ಯೇಸಪ್ಪ ಯೇಸಪ್ಪ ಅಂತ ಮಾತಾಡ್ಕೊಂಡು ನಗೋರು. ನೀವು ಹೇಳ್ಕೊಟ್ಟಿದ್ದಂತೆ. ಯಾರ್ ಮೇಡಂ ಅದು?’

ಬೆಂಚಿನವರೆಲ್ಲ ನನ್ನ ಕಡೆ ತಿರುಗಿದರು. ಬಾಯ್ ಬಿಡ್ಸು, ಬಾಯ್ ಬಿಡ್ಸು ಎಂದು ಒಳಗೇ ಹೇಳಿಕೊಂಡೆ. ‘ನಾನು ನಂಬಿರೋ ದೇವ್ರು ರತ್ನ. ನಿಮ್ಮತ್ತೆ ಕೇಳಿದ್ರು, ಹೇಳ್ದೆ. ನೀನ್ ಕೇಳ್ದೆ ಅಂತ ನಿಂಗೂ ಹೇಳ್ತಿದ್ದೀನಿ,’ ಅಂದೆ. ಮೂಲೆಯಲ್ಲಿ ಕೂತಿದ್ದ ಯಜಮಾನರೊಬ್ಬರು ಕೆಮ್ಮಿ, ‘ಆಯ್ತಲ್ಲಮ್ಮ, ನನ್ ಬಿಪಿ ನೋಡು ಮೊದ್ಲು, ಬಸ್ ಹೊಂಟೋಯ್ತದೆ,’ ಅಂದರು. ಅಷ್ಟೇ ಆದದ್ದು. ಆಮೇಲೆ ಕೆಲವು ಮನೆಯವರು ಬರುವುದು ನಿಂತಿತು, ಅದೂ ನಿಜ. ಒಂದು ಮನೆಯವರು ದಾರಿಯಲ್ಲಿ ಎದುರಾದರೆ ಈಗಲೂ ಮುಖ ತಿರುಗಿಸುತ್ತಾರೆ. ಕ್ಲಿನಿಕ್ಕಿಗೆ ಬೀಗ ಬೀಳಲಿಲ್ಲ. ಸ್ಟಿಕ್ಕರ್ ಬೊಟ್ಟು ಬಿಟ್ಟಿದ್ದೇನೆ. ಹಾಸಿಗೆ ಹಿಡಿದವರ ಮುಂದೆ ಈಗಲೂ ನಾನಾಗಿ ದೇವರ ಮಾತು ಎತ್ತುವುದಿಲ್ಲ, ಕೇಳಿದವರಿಗೆ ಸುಳ್ಳು ಹೇಳುವುದೂ ಇಲ್ಲ.

ಇನ್ನು ಆ ಮಾತಿನ ವಿಷಯ. ನಾನು ಬಿಡುವವಳಲ್ಲ, ಸಾಕಷ್ಟು ಕೆದಕಿದೆ. ತುಟಿ ಅಲುಗಿದ್ದನ್ನು ನೋಡಿ ಹಿಡಿದಳೋ ಅಂದರೆ ಎರಡು ಮಾಸ್ಕ್ ಇತ್ತು. ನನಗೇ ತಿಳಿಯದೆ ಗೊಣಗುತ್ತೇನೋ ಎಂದು ಗಂಡನನ್ನು ಕೇಳಿದೆ, ಕ್ಲಿನಿಕ್ಕಿನ ನರ್ಸನ್ನು ಕೇಳಿದೆ. ಇಬ್ಬರೂ ಇಲ್ಲ ಅಂದರು. ನನ್ನ ಅಜ್ಜಿ ಕೆಲಸ ಮಾಡುತ್ತಿದ್ದ ಮಿಷನ್ ಆಸ್ಪತ್ರೆಗೆ ಪಿಳ್ಳಮ್ಮಜ್ಜಿ ಯಾವಾಗಲಾದರೂ ಹೋಗಿದ್ದಳೇ ಎಂದು ನಾಗರಾಜನನ್ನು ಕೇಳಿದರೆ, ‘ಗಡ್ಡೆ ತೋರ್ಸೋಕ್ ಮುಂಚೆ ನಮ್ಮಮ್ಮ ಹೊಸಕೋಟೆ ದಾಟಿದ್ದೇ ಇಲ್ಲ ಮೇಡಂ,’ ಅಂದ.

ಕಡೆಗೆ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದವರೆಂದು ಉಳಿದಿರುವುದು ಅಮ್ಮನ ಈ ತಂಗಿ ಒಬ್ಬಳೇ. ನಡೆದದ್ದು ಯಾವುದನ್ನೂ ಹೇಳಲಿಲ್ಲ. ಅಜ್ಜಿ ಕೆಲಸಕ್ಕೆ ಮುಂಚೆ ಒಂದು ಪ್ರಾರ್ಥನೆ ಹೇಳುತ್ತಿದ್ದಳಲ್ಲ, ಅದೇನು ಎಂದಷ್ಟೇ ಕೇಳಿದೆ. ಚಿಕ್ಕಮ್ಮ ಯೋಚಿಸಲೂ ಇಲ್ಲ.

‘ಯೇಸಪ್ಪಾ, ನನ್ ಕೈ ಹೊಲ್ಸು, ನಿನ್ ಕೈ ಇಕ್ಕು. ನನ್ ಮೂಗ್ ಮುಚ್ಚು, ನನ್ ಬಾಯ್ ಬಿಡ್ಸು,’ ಎಂದು ಒಂದೇ ಉಸಿರಿಗೆ ಹೇಳಿ ನಕ್ಕಳು. ‘ನೀನ್ ಚಿಕ್ಕೋಳಿದ್ದಾಗ ಮೊದಲ್ನೇ ಅರ್ಧ ಹೇಳಿ ಆಟಕ್ಕೆ ಓಡೋಗ್ಬಿಡ್ತಿದ್ದೆ ಕಣೆ. ಉಳಿದಿದ್ದು ಹೇಳೇ ಅಂತ ನಿಮ್ಮಜ್ಜಿ ಹಿಂದೆ ಹಿಂದೆ ಕೂಗೋಳು. ನೀನ್ ಕೇಳಿಸ್ಕೊಂಡ್ರೆ ತಾನೆ!’

ನಾನು ಫೋನ್ ಇಟ್ಟೆ. ಎಂದೋ ಮಗುವಾಗಿದ್ದಾಗ ಕಿವಿಗೆ ಬಿದ್ದದ್ದು ನನ್ನ ತಲೆಯಲ್ಲೇ ಎಲ್ಲೋ ಮೂಲೆಯಲ್ಲಿ ಇದ್ದಿರಬಹುದು, ಒಪ್ಪಿದೆ. ನನ್ನ ತಲೆಯ ಮೂಲೆಯಲ್ಲಿದ್ದದ್ದು ಕೊಟ್ಟಿಗೆಯ ಪಕ್ಕ ಮಲಗಿದ್ದ ಪಿಳ್ಳಮ್ಮಜ್ಜಿಯ ಬಾಯಿಗೆ ಹೇಗೆ ಬಂತು? ನನಗೆ ಗೊತ್ತಿಲ್ಲ. ಸಾಕ್ಷಿಯ ಭಾನುವಾರ ಈಗಲೂ ಹಿಂದಿನ ಬೆಂಚಿನಲ್ಲೇ ಕೂರುತ್ತೇನೆ, ಎದ್ದು ನಿಂತು ಇದನ್ನು ಹೇಳಿಲ್ಲ. ಹೇಳುವುದಾದರೆ ಏನೆಂದು ಹೇಳಲಿ? ಪ್ರಾರ್ಥನೆಯನ್ನು ಮಾತ್ರ ಈಗ ಪೂರ್ತಿ ಹೇಳಿಕೊಳ್ಳುತ್ತೇನೆ. ಮೊದಲಿನ ಅರ್ಧ ನನ್ನ ಅಜ್ಜಿಯ ದನಿಯಲ್ಲಿ ಬರುತ್ತದೆ. ಉಳಿದರ್ಧ ಪ್ರತಿ ಸಲವೂ ಪಿಳ್ಳಮ್ಮಜ್ಜಿಯ ದನಿಯಲ್ಲೇ ಬರುತ್ತದೆ.